‘ಇನ್’ ಎಂದರೆ ‘ಇಲ್ಲ’ ಎಂದುಕೊಂಡ ದಿನ

ಮಕ್ಕಳೇ, ಪೆಟ್ರೋಲ್ ಸಾಗಿಸುವ ಟ್ಯಾಂಕರ್ ಲಾರಿಗಳನ್ನು ನೀವೆಲ್ಲ ನೋಡಿದ್ದೀರಿ. ಅವುಗಳ ಹಿಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಎರಡು ಇಂಗ್ಲಿಷ್ ಪದಗಳನ್ನು ಬರೆದಿರುವುದುಂಟು: ‘ಹೈಲಿ ಇನ್‌ಫ್ಲೇಮಬಲ್’. ಇದರ ಅರ್ಥವೇನು? ಯಾರನ್ನೂ ಕೇಳದೆ ಒಮ್ಮೆ ಊಹಿಸಿ. ನಿಮ್ಮ ಊಹೆಯನ್ನು ನೋಟ್ ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದಿ.

ನಿಮ್ಮ ವಯಸ್ಸಿನಲ್ಲಿ ನಾನೂ ಇದಕ್ಕೆ ಒಂದು ಅರ್ಥ ಊಹಿಸಿದ್ದೆ. ಅದು ತಪ್ಪಾಗಿತ್ತು. ಪರೀಕ್ಷೆಯಲ್ಲಿ ತಪ್ಪು ಬರೆದರೆ ಒಂದು ಅಂಕ ಹೋಗುತ್ತದೆ. ಅಂದು ನನ್ನ ತಪ್ಪಿನಿಂದ ಮೂವರು ಹುಡುಗರ ಪ್ರಾಣವೇ ಹೋಗಬಹುದಿತ್ತು. ಆ ಕಥೆಯನ್ನು ಹೇಳುವ ಮೊದಲು ಪದಗಳ ಬಗ್ಗೆ ಸ್ವಲ್ಪ ಮಾತನಾಡೋಣ.

ಪದಗಳಿಗೂ ಮನೆತನವಿದೆ

ಟೆಲಿಫೋನ್, ಟೆಲಿವಿಷನ್, ಟೆಲಿಸ್ಕೋಪ್. ಈ ಮೂರು ಪದಗಳನ್ನು ಜೋರಾಗಿ ಹೇಳಿ ನೋಡಿ. ಮೂರೂ ‘ಟೆಲಿ’ ಎಂದೇ ಆರಂಭವಾಗುತ್ತವೆ, ಅಲ್ಲವೇ? ಗ್ರೀಕ್ ಭಾಷೆಯಲ್ಲಿ ‘ಟೆಲಿ’ ಎಂದರೆ ದೂರ. ದೂರದ ಧ್ವನಿಯನ್ನು ಕೇಳಿಸುವುದು ಟೆಲಿಫೋನ್. ದೂರದ ದೃಶ್ಯವನ್ನು ತೋರಿಸುವುದು ಟೆಲಿವಿಷನ್. ದೂರದ ವಸ್ತುವನ್ನು ನೋಡಲು ನೆರವಾಗುವುದು ಟೆಲಿಸ್ಕೋಪ್. ಕನ್ನಡದಲ್ಲಿ ಇವಕ್ಕೆ ಏನೆನ್ನುತ್ತೇವೆ? ದೂರವಾಣಿ, ದೂರದರ್ಶನ, ದೂರದರ್ಶಕ. ನೋಡಿದಿರಾ, ಕನ್ನಡದಲ್ಲೂ ಮೂರಕ್ಕೂ ತಲೆ ಒಂದೇ!

‘ಥರ್ಮೋ’ ಎಂಬುದು ಇನ್ನೊಂದು ಮನೆತನ. ಅದರ ಅರ್ಥ ಶಾಖ. ಜ್ವರ ಬಂದಾಗ ನರ್ಸಮ್ಮ ಇಡುವ ಥರ್ಮಾಮೀಟರ್ ಶಾಖದ ಮಟ್ಟವನ್ನು ಅಳೆಯುತ್ತದೆ. ಹೊಲಕ್ಕೆ ಚಹಾ ಒಯ್ಯುವ ಥರ್ಮಾಸ್ ಫ್ಲಾಸ್ಕ್ ಶಾಖವನ್ನು ಹೊರಗೆ ಬಿಡದೆ ಕಾಪಾಡುತ್ತದೆ. ರಾಯಚೂರಿನ ಬಳಿ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ವಿದ್ಯುತ್ ತಯಾರಿಸುವ ಸ್ಥಾವರ ಇದೆ. ಅದು ಥರ್ಮಲ್ ಸ್ಥಾವರ, ಕನ್ನಡದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ.

‘ಮೈಕ್ರೋ’ ಎಂದರೆ ಅತಿ ಚಿಕ್ಕದು. ಮೈಕ್ರೋಸ್ಕೋಪ್ ಎಂದರೆ ಸೂಕ್ಷ್ಮದರ್ಶಕ, ಮೈಕ್ರೋಬ್ ಎಂದರೆ ಸೂಕ್ಷ್ಮಜೀವಿ. ‘ಫೋಟೋ’ ಎಂದರೆ ಬೆಳಕು. ಬೆಳಕಿನಿಂದ ಬರೆದ ಚಿತ್ರವೇ ಫೋಟೋಗ್ರಾಫ್. ಎಲೆಗಳು ಬೆಳಕಿನ ನೆರವಿನಿಂದ ಆಹಾರ ತಯಾರಿಸುವುದೇ ಫೋಟೋಸಿಂಥೆಸಿಸ್. ಎಲೆ ಯಾರ ಫೋಟೋವನ್ನೂ ತೆಗೆಯುವುದಿಲ್ಲ ಎಂಬುದು ಈಗ ನಿಮಗೆ ತಿಳಿಯಿತು!

ಹೀಗೆ ಒಂದು ತಲೆಯ ಅರ್ಥ ತಿಳಿದರೆ ಹತ್ತಾರು ಪದಗಳ ಬಾಗಿಲು ತೆರೆಯುತ್ತದೆ. ಬಾಯಿಪಾಠದ ಹೊರೆ ಕಡಿಮೆಯಾಗುತ್ತದೆ. ನನಗೂ ಈ ಬೀಗದ ಕೈ ಸಿಕ್ಕಿದ್ದು ಏಳನೇ ತರಗತಿಯಲ್ಲಿ.

ಕಪ್ಪು ಹಲಗೆಯ ಮೇಲಿನ ಪಟ್ಟಿ

ನಮ್ಮ ಊರು ಚಳ್ಳಕೆರೆ ಸೀಮೆಯದು. ಹಿರಿಯೂರಿನಿಂದ ಚಳ್ಳಕೆರೆ ಮಾರ್ಗವಾಗಿ ಬಳ್ಳಾರಿಗೆ ಹೋಗುವ ರಸ್ತೆ ನಮ್ಮ ಹೊಲದ ಪಕ್ಕದಲ್ಲೇ ಹಾದುಹೋಗುತ್ತದೆ. ಒಂದು ದಿನ ನಮ್ಮ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಎರಡು ಸಾಲಾಗಿ ಪದಗಳನ್ನು ಬರೆದರು. ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲ. ‘ವಿಸಿಬಲ್’ ಎಂದರೆ ಕಾಣುವ, ‘ಇನ್‌ವಿಸಿಬಲ್’ ಎಂದರೆ ಕಾಣದ. ‘ಸಾಲ್ಯುಬಲ್’ ಎಂದರೆ ಕರಗುವ, ‘ಇನ್‌ಸಾಲ್ಯುಬಲ್’ ಎಂದರೆ ಕರಗದ. ‘ವರ್ಟಿಬ್ರೇಟ್’ ಎಂದರೆ ಬೆನ್ನುಮೂಳೆ ಇರುವ ಪ್ರಾಣಿ, ‘ಇನ್‌ವರ್ಟಿಬ್ರೇಟ್’ ಎಂದರೆ ಬೆನ್ನುಮೂಳೆ ಇಲ್ಲದ ಪ್ರಾಣಿ.

“ನಮ್ಮ ಸತ್ಯ, ಅಸತ್ಯ ಇದ್ದ ಹಾಗೆ. ಕಶೇರುಕ, ಅಕಶೇರುಕ ಇದ್ದ ಹಾಗೆ” ಎಂದರು ಮೇಷ್ಟ್ರು.

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ‘ಇನ್’ ಎಂದರೆ ‘ಇಲ್ಲ’. ಇಷ್ಟು ಸುಲಭವೇ ಇಂಗ್ಲಿಷ್! ಅಂದಿನಿಂದ ಕಂಡ ಕಂಡ ಬೋರ್ಡುಗಳನ್ನೆಲ್ಲ ಬಿಡಿಸಿ ಅರ್ಥ ಹೇಳುವುದೇ ನನ್ನ ಕೆಲಸವಾಯಿತು. ಗೆಳೆಯರು ಬೆರಗಾಗಿ ಕೇಳುತ್ತಿದ್ದರು. ಸರಿಯೋ ತಪ್ಪೋ ಎಂದು ನೋಡುವವರು ಯಾರೂ ಇರಲಿಲ್ಲ.

ರಸ್ತೆ ಬದಿಯ ಟ್ಯಾಂಕರ್

ದೀಪಾವಳಿ ಹತ್ತಿರ ಬಂದಿತ್ತು. ಹೊಲದಲ್ಲಿ ಶೇಂಗಾ ಕೀಳುವ ಕಾಲ. ಸಂಜೆ ಶಾಲೆ ಬಿಟ್ಟ ಮೇಲೆ ನಾನು, ನನ್ನ ಗೆಳೆಯ ಮತ್ತು ಆರು ವರ್ಷದ ನನ್ನ ತಮ್ಮ ಹೊಲಕ್ಕೆ ಹೋದೆವು. ಕಿತ್ತ ಹಸಿ ಶೇಂಗಾ ಗಿಡಗಳನ್ನು ಒಣಹುಲ್ಲಿನಲ್ಲಿ ಸುಟ್ಟು ತಿನ್ನುವುದೆಂದರೆ ನಮಗೆಲ್ಲ ಬಲು ಇಷ್ಟ. ಪಟಾಕಿಗೆಂದು ಇಟ್ಟುಕೊಂಡಿದ್ದ ಬೆಂಕಿಪೊಟ್ಟಣ ನನ್ನ ಜೇಬಿನಲ್ಲಿತ್ತು.

ಹೊಲದ ಬದುವಿಗೂ ರಸ್ತೆಗೂ ನಡುವೆ ಒಂದು ತಗ್ಗಾದ ಚರಂಡಿ ಇದೆ. ಚರಂಡಿಯ ಆಚೆ, ರಸ್ತೆಯ ಅಂಚಿನಲ್ಲಿ, ಒಂದು ಟ್ಯಾಂಕರ್ ನಿಂತಿತ್ತು. ಟೈರು ಪಂಕ್ಚರ್ ಆಗಿತ್ತು. ಕ್ಲೀನರ್ ಟೈರು ಹಾಕಿಸಿಕೊಂಡು ಬರಲು ಹೋಗಿದ್ದ. ಚಾಲಕರು ಸ್ವಲ್ಪ ದೂರದ ಹುಣಸೆಮರದ ಕೆಳಗೆ ಕುಳಿತಿದ್ದರು. ಗಾಳಿ ಬೀಸದ ಜಾಗ ಬೇಕೆಂದು ನಾವು ಚರಂಡಿಯ ಅಂಚಿಗೇ ಬಂದು ಹುಲ್ಲು ಗುಡ್ಡೆ ಹಾಕಿದೆವು.

ನನ್ನ ಗೆಳೆಯ ಅನುಮಾನಿಸಿದ. “ಲೇ, ಪಕ್ಕದಾಗೆ ಟ್ಯಾಂಕರ್ ಐತಲ್ಲೋ. ಪೆಟ್ರೋಲ್ ವಾಸ್ನೆ ಬರ್ತಾ ಐತೆ.”

ನಾನು ಟ್ಯಾಂಕರಿನ ಹಿಂಭಾಗ ನೋಡಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಇನ್‌ಫ್ಲೇಮಬಲ್. ‘ಫ್ಲೇಮ್’ ಎಂದರೆ ಜ್ವಾಲೆ. ಆ ಪದ ನಮ್ಮ ಇಂಗ್ಲಿಷ್ ಪಾಠದಲ್ಲೇ ಬಂದಿತ್ತು. ‘ಏಬಲ್’ ಎಂದರೆ ಆಗಬಲ್ಲದ್ದು. ‘ಇನ್’ ಎಂದರೆ ‘ಇಲ್ಲ’. ಮೂರನ್ನೂ ಕೂಡಿಸಿದೆ.

“ಏನೂ ಆಗಲ್ಲ ಕಣೋ. ಬರೆದೈತೆ ನೋಡು, ಇದು ಉರಿಯೋ ಎಣ್ಣೆ ಅಲ್ಲ” ಎಂದು ಹೇಳಿ ಕಡ್ಡಿ ಗೀರಿದೆ.

ಅದು ಗಾಳಿಗೆ ಆರಿತು. ಎರಡನೆಯ ಕಡ್ಡಿ ತೆಗೆಯುವಷ್ಟರಲ್ಲಿ ಆ ಚಾಲಕರು ಬರಿಗಾಲಿನಲ್ಲಿ ಓಡಿ ಬಂದರು. ನನ್ನ ಕೈಯಿಂದ ಬೆಂಕಿಪೊಟ್ಟಣ ಕಿತ್ತು ದೂರ ಎಸೆದರು. ನನ್ನ ತಮ್ಮನನ್ನು ಎತ್ತಿಕೊಂಡು, ನಮ್ಮಿಬ್ಬರನ್ನೂ ಎಳೆದುಕೊಂಡು ಗಾಳಿ ಬರುವ ದಿಕ್ಕಿಗೆ ಹೊಲದ ಆಚೆ ತುದಿಯವರೆಗೂ ನಡೆಸಿದರು. ಅವರ ಕೈ ನಡುಗುತ್ತಿತ್ತು. ಟ್ಯಾಂಕರಿನ ಕೆಳಗಿನ ನಲ್ಲಿಯಿಂದ ಪೆಟ್ರೋಲ್ ಹನಿ ಹನಿಯಾಗಿ ಚರಂಡಿಯತ್ತ ಇಳಿಯುತ್ತಿದ್ದುದನ್ನು ಅವರು ದೂರದಿಂದಲೇ ತೋರಿಸಿದರು.

“ಮೇಲೆ ಬರೆದದ್ದು ನೋಡಲಿಲ್ಲವೇನಪ್ಪಾ?” ಎಂದು ಕೇಳಿದರು.

“ಓದಿದೆ ಮಾಮ. ಉರಿಯಲ್ಲ ಅಂತ ಬರೆದೈತಲ್ಲ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ನಂಗೆ ಇಂಗ್ಲಿಷ್ ಓದಾಕೆ ಬರಲ್ಲ ಮಗಾ. ಆದ್ರೆ ಅಲ್ಲಿ ಏನು ಬರೆದೈತೆ ಅಂತ ಗೊತ್ತು. ಬೆಂಕಿ ತರಬ್ಯಾಡ ಅಂತ ಬರೆದೈತೆ” ಎಂದರು.

ಓದಲು ಬಾರದ ಅವರಿಗೆ ಅರ್ಥ ತಿಳಿದಿತ್ತು. ಓದಲು ಬರುತ್ತದೆಂದು ಮೆರೆಯುತ್ತಿದ್ದ ನನಗೆ ತಿಳಿದಿರಲಿಲ್ಲ. ಆ ರಾತ್ರಿ ತಮ್ಮ ಪಕ್ಕದಲ್ಲಿ ಮಲಗಿ ನಿದ್ರೆ ಮಾಡುತ್ತಿದ್ದ. ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಅಂದು ಏನಾಗಬಹುದಿತ್ತು?

ಪೆಟ್ರೋಲ್ ಉರಿಯುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಯೋಣ. ಉರಿಯುವುದು ದ್ರವವಲ್ಲ, ಅದರಿಂದ ಏಳುವ ಆವಿ. ಒಂದು ದ್ರವದಿಂದ ಬೆಂಕಿ ಹೊತ್ತಿಕೊಳ್ಳುವಷ್ಟು ಆವಿ ಏಳಲು ಎಷ್ಟು ಉಷ್ಣತೆ ಬೇಕು ಎಂಬುದನ್ನು ವಿಜ್ಞಾನಿಗಳು ಅಳೆಯುತ್ತಾರೆ. ಸೀಮೆಎಣ್ಣೆಗೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಉಷ್ಣತೆ ಬೇಕು. ಪೆಟ್ರೋಲಿಗೆ? ಸುಮಾರು ಮೈನಸ್ 40 ಡಿಗ್ರಿ ಇದ್ದರೂ ಸಾಕು! ಅಂದರೆ ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿದ್ದರೂ ಪೆಟ್ರೋಲಿನ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ನಮ್ಮ ಊರಿನ ಸಂಜೆಯ ಬಿಸುಪಿನಲ್ಲಿ ಕೇಳಬೇಕೇ?

ಇನ್ನೊಂದು ಸಂಗತಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಆದ್ದರಿಂದ ಅದು ಬೇಗ ಮೇಲೇರಿ ಹೋಗುವುದಿಲ್ಲ. ನೀರಿನಂತೆ ತಗ್ಗಿನ ಕಡೆಗೆ ಹರಿದು, ಚರಂಡಿಯಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನಾವು ಕಡ್ಡಿ ಗೀರಲು ಆರಿಸಿಕೊಂಡದ್ದು ಅಂಥ ಜಾಗವನ್ನೇ. ಬೆಂಕಿ ನಮ್ಮ ಗುಡ್ಡೆಯಿಂದ ಆವಿಯ ದಾರಿ ಹಿಡಿದು ಕ್ಷಣದಲ್ಲಿ ಟ್ಯಾಂಕರಿನವರೆಗೆ ಓಡಬಹುದಿತ್ತು.

ಎರಡು ‘ಇನ್’ಗಳ ಗುಟ್ಟು

ಮರುದಿನ ನಡೆದುದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಬೈಯುತ್ತಾರೆಂದು ಹೆದರಿದ್ದೆ. ಅವರು ಬೈಯಲಿಲ್ಲ. ಮುಖ್ಯೋಪಾಧ್ಯಾಯರ ಕೊಠಡಿಯಿಂದ ದಪ್ಪ ನಿಘಂಟನ್ನು ತರಿಸಿ ನನ್ನ ಕೈಯಲ್ಲೇ ಪುಟ ತೆಗೆಸಿದರು. ಇನ್‌ಫ್ಲೇಮಬಲ್: ಸುಲಭವಾಗಿ ಬೆಂಕಿ ಹತ್ತಿಕೊಳ್ಳುವ.

“ನಿನ್ನೆ ಮೊನ್ನೆ ನಾನು ಅರ್ಧ ಪಾಠ ಹೇಳಿದ್ದೆ. ಉಳಿದರ್ಧ ಇವತ್ತು ಹೇಳುತ್ತೇನೆ” ಎಂದು ತರಗತಿಯ ಮುಂದೆ ನಿಂತರು.

ಮಕ್ಕಳೇ, ಆ ಉಳಿದರ್ಧ ಇದು. ಇಂಗ್ಲಿಷಿನಲ್ಲಿ ‘ಇನ್’ ಎಂಬ ತಲೆ ಒಂದಲ್ಲ, ಎರಡು. ಎರಡೂ ಲ್ಯಾಟಿನ್ ಭಾಷೆಯಿಂದ ಬಂದವು. ಒಂದರ ಅರ್ಥ ‘ಅಲ್ಲ, ಇಲ್ಲ’. ಇನ್ನೊಂದರ ಅರ್ಥ ‘ಒಳಗೆ’. ನಿಮಗೆಲ್ಲ ಗೊತ್ತಿರುವ ಇಂಜೆಕ್ಷನ್ ಎರಡನೆಯ ಗುಂಪಿನದು. ಔಷಧಿಯನ್ನು ಮೈಯೊಳಗೆ ಸೇರಿಸುವುದೇ ಇಂಜೆಕ್ಷನ್. ‘ಇನ್‌ಹೇಲ್’ ಎಂದರೆ ಉಸಿರನ್ನು ಒಳಗೆ ಎಳೆದುಕೊಳ್ಳುವುದು. ‘ಇಂಪೋರ್ಟ್’ ಎಂದರೆ ಹೊರದೇಶದ ಸರಕನ್ನು ಒಳಗೆ ತರುವುದು, ಅಂದರೆ ಆಮದು. ಇಲ್ಲಿ ‘ಇನ್’ ಉಚ್ಚಾರಣೆಯ ಅನುಕೂಲಕ್ಕಾಗಿ ‘ಇಂ’ ಆಗಿದೆ.

ಲ್ಯಾಟಿನ್ನಿನಲ್ಲಿ ‘ಇನ್‌ಫ್ಲಮಾರೆ’ ಎಂಬ ಕ್ರಿಯಾಪದ ಇತ್ತು. ಉರಿ ಹಚ್ಚು, ಜ್ವಾಲೆಗೆ ಒಡ್ಡು ಎಂದು ಅದರ ಅರ್ಥ. ಅದರಿಂದ ಹುಟ್ಟಿದ್ದು ಇನ್‌ಫ್ಲೇಮಬಲ್. ಅದರ ಅಣ್ಣತಮ್ಮನೊಬ್ಬ ಆಸ್ಪತ್ರೆಯಲ್ಲಿದ್ದಾನೆ. ಗಾಯವಾದ ಕಡೆ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ವೈದ್ಯರು ‘ಇನ್‌ಫ್ಲಮೇಶನ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಉರಿಯೂತ ಎಂಬ ಪದವಿದೆ. ಇದರಲ್ಲೂ ‘ಉರಿ’ ಇರುವುದನ್ನು ಗಮನಿಸಿದಿರಾ?

ಈ ತಪ್ಪು ನನ್ನೊಬ್ಬನಿಂದಲೇ ಆದದ್ದಲ್ಲ. ಇಂಗ್ಲಿಷ್ ಮಾತನಾಡುವ ದೇಶಗಳಲ್ಲೂ ಜನ ಹೀಗೆಯೇ ಮೋಸಹೋಗುವ ಭಯವಿತ್ತು. ಆದ್ದರಿಂದ 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು ತಲೆಯ ‘ಇನ್’ ತೆಗೆದು ‘ಫ್ಲೇಮಬಲ್’ ಎಂದೇ ಬರೆಯಿರಿ ಎಂದು ಒತ್ತಾಯಿಸಿತು. ಹೀಗಾಗಿ ಇಂದು ಎರಡು ಪದಗಳೂ ಬಳಕೆಯಲ್ಲಿವೆ. ಎರಡರ ಅರ್ಥವೂ ಒಂದೇ: ಬೆಂಕಿ ಹತ್ತಿಕೊಳ್ಳುತ್ತದೆ, ಎಚ್ಚರ! ಬೆಂಕಿ ಹತ್ತದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಎನ್ನುತ್ತಾರೆ. ಸೊಳ್ಳೆ ಕೊಲ್ಲುವ ಸ್ಪ್ರೇ ಡಬ್ಬಿ, ಉಗುರಿನ ಬಣ್ಣದ ಶೀಶೆ, ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಇವುಗಳ ಮೇಲೆ ಈ ಎರಡರಲ್ಲಿ ಒಂದು ಪದ ಇದೆಯೇ ಎಂದು ಹುಡುಕಿ ನೋಡಿ. ಇದ್ದರೆ ಅದನ್ನು ಒಲೆಯಿಂದ ದೂರ ಇಡಲು ಮನೆಯವರಿಗೆ ತಿಳಿಸಿ.

ಕನ್ನಡದಲ್ಲೂ ಇಂಥ ಬಲೆಗಳಿವೆ

ಇಂಗ್ಲಿಷನ್ನು ಬೈಯಬೇಡಿ. ‘ಅ’ ಎಂದರೆ ‘ಅಲ್ಲ’ ಎಂದು ಹಿಡಿದು ಹೊರಟರೆ ಕನ್ನಡದಲ್ಲೂ ಎಡವುತ್ತೇವೆ. ಅಶುದ್ಧ, ಅಪೂರ್ಣ, ಅದೃಶ್ಯ ಎಂಬಲ್ಲಿ ಅದು ಸರಿ. ಆದರೆ ‘ಅರಸ’ ಎಂದರೆ ರಸ ಇಲ್ಲದವನೇ? ಅಲ್ಲಿ ‘ಅ’ ಎಂಬುದು ತಲೆಯೇ ಅಲ್ಲ, ಇಡೀ ಪದ ಒಂದೇ. ‘ಅಮರ’ ಎಂದರೆ ಮರ ಇಲ್ಲದ ಊರೇ? ಅಲ್ಲಿ ‘ಅ’ ನಿಜವಾಗಿಯೂ ‘ಇಲ್ಲ’ ಎಂದೇ ಹೇಳುತ್ತದೆ, ಆದರೆ ಇಲ್ಲದಿರುವುದು ಗಿಡಮರವಲ್ಲ, ಮರಣ. ಇನ್ನು ‘ಅಮೂಲ್ಯ’ ಎಂದರೆ ಬೆಲೆ ಇಲ್ಲದ್ದು ಎಂದು ಕಸದ ಬುಟ್ಟಿಗೆ ಎಸೆಯುತ್ತೀರಾ? ಬೆಲೆ ಕಟ್ಟಲಾಗದಷ್ಟು ದೊಡ್ಡದು ಎಂದಲ್ಲವೇ ಅದರ ಅರ್ಥ? ಇಂಗ್ಲಿಷಿನ ‘ಇನ್‌ವ್ಯಾಲ್ಯುಬಲ್’ ಕೂಡ ಹೀಗೆಯೇ. ಅದರ ಅರ್ಥವೂ ಅಮೂಲ್ಯ ಎಂದೇ.

ಎಣಿಕೆಯ ತಲೆಗಳೂ ಕೆಲವೊಮ್ಮೆ ಆಟವಾಡಿಸುತ್ತವೆ. ‘ಸೆಂಟಿ’ ನೂರಕ್ಕೆ ಸಂಬಂಧಿಸಿದ್ದು, ‘ಮಿಲಿ’ ಸಾವಿರಕ್ಕೆ ಸಂಬಂಧಿಸಿದ್ದು. ಸೆಂಟಿಮೀಟರ್ ಎಂದರೆ ಮೀಟರಿನ ನೂರನೆಯ ಒಂದು ಭಾಗ. ಮಿಲಿಲೀಟರ್ ಎಂದರೆ ಲೀಟರಿನ ಸಾವಿರದ ಒಂದು ಭಾಗ. ಆದರೆ ಸೆಂಟಿಪೀಡ್ ಎಂದರೆ ಕಾಲಿನ ನೂರನೆಯ ಒಂದು ಭಾಗವಲ್ಲ! ಅದು ಶತಪದಿ, ಅಂದರೆ ನಾವು ಜರಿ ಎನ್ನುವ ಪ್ರಾಣಿ. ಅದಕ್ಕೆ ನಿಜವಾಗಿ ನೂರು ಕಾಲು ಇವೆಯೇ? ಬೆಳೆದ ಶತಪದಿಗಳಲ್ಲಿ ಕಾಲುಗಳ ಜೋಡಿ ಸಾಮಾನ್ಯವಾಗಿ ಬೆಸಸಂಖ್ಯೆಯಲ್ಲಿರುತ್ತದೆ. ನೂರು ಕಾಲೆಂದರೆ 50 ಜೋಡಿ, ಅದು ಸಮಸಂಖ್ಯೆ. ಹಾಗಾಗಿ ಸರಿಯಾಗಿ ನೂರು ಕಾಲಿನ ಶತಪದಿ ಸಿಗುವುದೇ ಕಷ್ಟ.

ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಮಿಲಿಪೀಡ್, ಅಂದರೆ ಸಹಸ್ರಪದಿ, ಇದರ ಕಥೆ ಇನ್ನೂ ಸ್ವಾರಸ್ಯದ್ದು. ಬಹಳ ಕಾಲ ವಿಜ್ಞಾನಿಗಳು ಎಣಿಸಿದ ಯಾವ ಸಹಸ್ರಪದಿಗೂ ಸಾವಿರ ಕಾಲು ಇರಲಿಲ್ಲ. 2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನೆಲದಾಳದಲ್ಲಿ ಸಿಕ್ಕ ಒಂದು ಹೊಸ ಜಾತಿಯನ್ನು ವಿಜ್ಞಾನಿಗಳು ವಿವರಿಸಿದರು. ಅದರ ಕಾಲುಗಳನ್ನು ಎಣಿಸಿದಾಗ 1306 ಇದ್ದವು! ಕೊನೆಗೂ ಹೆಸರಿಗೆ ತಕ್ಕ ಪ್ರಾಣಿ ಸಿಕ್ಕಿತು. ಹೆಸರು ನೋಡಿ ನಂಬಿ ಕೂರದೆ ಕಾಲುಗಳನ್ನು ಎಣಿಸಿದವರಿಗೆ ಮಾತ್ರ ಇದು ತಿಳಿಯಿತು.

ಊಹಿಸಿ, ಆಮೇಲೆ ಪರೀಕ್ಷಿಸಿ

ಹಾಗಾದರೆ ಪದದ ತಲೆ ನೋಡಿ ಅರ್ಥ ಊಹಿಸುವುದು ತಪ್ಪೇ? ಖಂಡಿತ ಅಲ್ಲ. ವಿಜ್ಞಾನಿಗಳೂ ಊಹಿಸುತ್ತಾರೆ. ಆದರೆ ಊಹಿಸಿದ ಕೂಡಲೇ ಕಡ್ಡಿ ಗೀರುವುದಿಲ್ಲ. ಮೊದಲು ಪರೀಕ್ಷಿಸುತ್ತಾರೆ. ನೀವೂ ಹೊಸ ಪದ ಕಂಡಾಗ ಹೀಗೆ ಮಾಡಿ.

1. ಪದದ ತಲೆ ಯಾವುದು, ಉಳಿದ ಭಾಗ ಯಾವುದು ಎಂದು ಬಿಡಿಸಿ.

2. ಅದೇ ತಲೆಯ ಇನ್ನೂ ಮೂರು ಪದಗಳನ್ನು ನೆನೆಯಿರಿ. ಎಲ್ಲದರಲ್ಲೂ ತಲೆಯ ಅರ್ಥ ಒಂದೇ ಇದೆಯೇ ನೋಡಿ.

3. ಆ ಪದ ಎಲ್ಲಿದೆ, ಯಾಕಿದೆ ಎಂದು ಯೋಚಿಸಿ. ಮನೆಯ ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಎಂದು ಬರೆಯುತ್ತಾರೆ. ‘ನಮ್ಮ ಬೆಕ್ಕು ಕಚ್ಚುವುದಿಲ್ಲ’ ಎಂದು ಯಾರಾದರೂ ಬೋರ್ಡು ಹಾಕುತ್ತಾರೆಯೇ? ಉರಿಯದ ಎಣ್ಣೆಯಾಗಿದ್ದರೆ ಅಷ್ಟು ದಪ್ಪ ಅಕ್ಷರ ಯಾಕೆ ಬೇಕಿತ್ತು? ಅಂದು ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೂ ನನ್ನ ತಪ್ಪು ನನಗೇ ತಿಳಿಯುತ್ತಿತ್ತು.

4. ಕೊನೆಗೆ ನಿಘಂಟು ನೋಡಿ, ಇಲ್ಲವೇ ಬಲ್ಲವರನ್ನು ಕೇಳಿ. ಉತ್ತರ ಸಿಗುವವರೆಗೆ ಅಪಾಯವಿದೆ ಎಂದೇ ತಿಳಿದು ದೂರವಿರಿ.

ಇನ್ನೊಂದು ಮಾತು. ಓದು ಬಾರದವರಿಗೂ, ಬೇರೆ ಭಾಷೆಯವರಿಗೂ ಅಪಾಯ ತಿಳಿಯಲೆಂದು ಟ್ಯಾಂಕರುಗಳ ಮೇಲೆ ವಜ್ರದ ಆಕಾರದ ಕೆಂಪು ಫಲಕ ಇರುತ್ತದೆ. ಅದರಲ್ಲಿ ಜ್ವಾಲೆಯ ಚಿತ್ರವಿರುತ್ತದೆ. ಜೊತೆಗೆ ನಾಲ್ಕು ಅಂಕಿಯ ಒಂದು ಸಂಖ್ಯೆಯನ್ನೂ ಬರೆದಿರುತ್ತಾರೆ. ಇದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಗೊತ್ತುಮಾಡಿದ ಸಂಖ್ಯೆ. ಪೆಟ್ರೋಲಿಗೆ 1203, ಅಡುಗೆ ಅನಿಲಕ್ಕೆ 1075. ಅಗ್ನಿಶಾಮಕ ದಳದವರು ದೂರದಿಂದಲೇ ಈ ಸಂಖ್ಯೆ ನೋಡಿ ಒಳಗೆ ಏನಿದೆ ಎಂದು ತಿಳಿಯುತ್ತಾರೆ. ಮುಂದಿನ ಸಲ ಟ್ಯಾಂಕರ್ ಹಾದುಹೋದಾಗ ರಸ್ತೆಯಿಂದ ದೂರ ನಿಂತು ಈ ಫಲಕವನ್ನು ಗುರುತಿಸಲು ಪ್ರಯತ್ನಿಸಿ.

ಈಗ ನಿಮ್ಮ ನೋಟ್ ಪುಸ್ತಕದ ಮೂಲೆ ನೋಡಿ. ನೀವು ಬರೆದ ಉತ್ತರ ಸರಿಯಿತ್ತೇ? ತಪ್ಪಿದ್ದರೆ ಬೇಸರ ಬೇಡ. ಅದನ್ನು ಅಳಿಸಲೂ ಬೇಡಿ. ಪಕ್ಕದಲ್ಲೇ ಸರಿಯಾದ ಅರ್ಥ ಬರೆಯಿರಿ. ಆಮೇಲೆ ನಿಮ್ಮ ತಮ್ಮ, ತಂಗಿ ಮತ್ತು ಗೆಳೆಯರಿಗೆ ಅದನ್ನು ಹೇಳಿ. ನನ್ನ ತಮ್ಮ ಈಗ ದೊಡ್ಡವನಾಗಿದ್ದಾನೆ. ಶೇಂಗಾ ಸುಗ್ಗಿಯಲ್ಲಿ ಊರಿಗೆ ಹೋದಾಗ ನಾವಿಬ್ಬರೂ ಈಗಲೂ ಹೊಲದಲ್ಲಿ ಕಾಯಿ ಸುಟ್ಟು ತಿನ್ನುತ್ತೇವೆ. ಆದರೆ ರಸ್ತೆಯ ಹತ್ತಿರ ಅಲ್ಲ, ಹೊಲದ ಆಚೆ ತುದಿಯಲ್ಲಿ. ಆ ಚಾಲಕರು ನಮ್ಮನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದ ಜಾಗದಲ್ಲಿ.